ಒಳಸುತ್ತು

ಸಾಲಗಾಮೆ ರಸ್ತೆಯ ಸೈಟಿನ ಮೇಲೆ
ಕೈವಾರದ ಮುಳ್ಳೂರಿ
ಆರ್ಕಿಟೆಕ್ಟ್ ಅಮೂಲ್ಯ ಭೂಪಟಕ್ಕೊಂದು ಸುತ್ತು ಹಾಕಿದರು:
ಅರವತ್ತು ಕಿಲೋಮೀಟರು.
"ಇದರೊಳಗೆ ಸಿಕ್ಕಿದ್ದರಲ್ಲೇ ಮನೆ."
ನಂಜೇಶ್ ಸರ್ ತಲೆಯಾಡಿಸಿದರು.
ಇಟಲಿಯ ಕಲ್ಲು ಅವರ ತಮ್ಮನ ಮನೆಯಲ್ಲಾಗಲೇ ಇತ್ತು;
ಅದಕ್ಕಿಂತ ದುಬಾರಿಯಾದ್ದು ಹುಡುಕಿ ಹುಡುಕಿ
ಕೊನೆಗೆ ಹಾಸನದ ಮಣ್ಣಿಗೆ ಬಂದು ನಿಂತಿದ್ದರು.

ತರುವುದು ನನ್ನ ಕೆಲಸ.
ಡಿಪ್ಲೊಮಾ ಸಿವಿಲ್, ಒಂದು ಸ್ಕೂಟರು,
ಗೆರೆ ಹಾಕಿದ ಉದ್ದನೆ ಪುಸ್ತಕ.
ದುದ್ದದ ಕಡೆಯ ಏಳು ಕೆರೆಗಳ ಗೋಡು ತಂದು
ಬಾಟಲಿಗೆ ತುಂಬಿ, ನೀರು ಹುಯ್ದು, ಕುಲುಕಿ
ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿಟ್ಟೆ,
ಮರಳು ತಳಕ್ಕೆ, ಜೇಡಿ ಮೇಲಕ್ಕೆ, ಬೆಳಗಾಗುವಷ್ಟರಲ್ಲಿ.
ಅತ್ತೆ ಒಂದರ ಮುಚ್ಚಳ ತೆಗೆದು ಮೂಸಿ
"ಯಾವ ಕಾಯಿಲೆಗೇ ಇದು?" ಅಂದರು.

ಅರಸೀಕೆರೆಯಾಚೆ ಗೌಸ್ ಸಾಬರ ಸುಣ್ಣದ ಗೂಡು.
"ಗೋಡೆಗೆ ಅಂತ ಕೇಳ್ಕೊಂಡು ಯಾರೂ ಬಂದಿಲ್ಲ ತಾಯಿ,
ನಮ್ಮಪ್ಪ ಹೋದ ಮೇಲೆ.
ಈಗ ನಾಲಿಗೆಗಷ್ಟೇ ಮಾರ್ತೀನಿ, ಎಲೆ ಮೇಲೆ ಹಚ್ಚೋಕೆ."
ಗೋಡೆ ಎಷ್ಟು ತಿನ್ನುತ್ತದೆ ಎಂದು ಹೇಳಿದಾಗ
ನನ್ನನ್ನೇ ಎರಡು ಸಲ ನೋಡಿದರು.

ಸಕಲೇಶಪುರದಿಂದ ಸಿಲ್ವರ್ ಓಕ್ ಇಳಿಯಿತು.
ಮೊಗಣ್ಣಾಚಾರಿ ಹಲಗೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟಿದರು.
"ಕಾಫಿಗೆ ನೆರಳು ಕೊಡ್ತಾ ಬೆಳೆದ ಮರ.
ಬಾಗಿಲಾಗಿ ನಿಲ್ಲೋದು ಇದಕ್ಕೆ ಕಲಿಸ್ಬೇಕು."

ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿ ಕೆಡವುತ್ತಿದ್ದರು.
ಜಗಲಿಯ ಚಪ್ಪಡಿ ನಲವತ್ತೊಂದು, ಚೌಕಾಸಿ ಮಾಡಿ ತಂದೆ.
ಹದಿನೇಳನೆಯದರ ಮೇಲೆ ಚೌಕಾಬಾರದ ಮನೆ.
ಐದೈದಲಿ ಇಪ್ಪತ್ತೈದು, ಕಟ್ಟೆಗಳಿಗೆ ಅಡ್ಡಗೆರೆ;
ಭತ್ತದ ಮೂಟೆಗೆ ಒರಗಿ
ಸರದಿ ಬರುವವರೆಗೆ ಯಾರೋ ಉಳಿಯಲ್ಲಿ ಕೊರೆದದ್ದು,
ಒಂದು ಮೂಲೆ ಸೊಟ್ಟ.

ಊಟದ ಹೊತ್ತು ಸುಗ್ರೀಬ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.
ಮಣ್ಣಿನ ಇಟ್ಟಿಗೆ ಒತ್ತುವ ಹುಡುಗ, ಬಲಾಂಗೀರ್‌ನವನು,
ಮೊಣಕೈವರೆಗೂ ದುದ್ದದ ಕೆರೆ.
ಎರಡು ಹುಣಸೆಬೀಜ ಸೀಳಿದ, ನಾಲ್ಕು ಹೋಳಾಯಿತು.
ಹೆಂಚಿನ ಚೂರು ನಾಲ್ಕು ಮೊಗಣ್ಣನಿಗೆ ಕೊಟ್ಟು
ತಾನು ನಾಲ್ಕು ಹಸಿರು ಗಾಜಿನ ಚೂರು ಇಟ್ಟುಕೊಂಡ.
ಎಂಟು ಬಿದ್ದಾಗ ಅವನ ಬಾಯಿಂದ ಬಂದ ಮಾತು
'ಭಾರ' ಅಲ್ಲ, ಬೇರೆ ಏನೋ.
ಮೊಗಣ್ಣ ಹೂಂಗುಟ್ಟಿ ಕಾಯಿ ನಡೆಸಿದರು.
ನಿಯಮ ಅವನ ಊರಲ್ಲೂ ಅದೇ:
ಒಂದನ್ನಾದರೂ ಕಡಿಯದೆ
ಒಳಸುತ್ತಿಗೆ ಬಿಡುವುದಿಲ್ಲ.

ಪುಸ್ತಕದಲ್ಲಿ ದೂರಗಳ ಕಾಲಂ ತುಂಬುತ್ತಿದ್ದೆ.
ಸುಣ್ಣ ನಲವತ್ತೇಳು, ಮರ ನಲವತ್ತು, ಚಪ್ಪಡಿ ಮೂವತ್ತೆರಡು.
ಸುಮ್ಮನೆ ಕೇಳಿದೆ, ನಿನ್ನದೆಷ್ಟೋ?
ಅವನು ಬೆರಳು ಮಡಿಸಿದ: ಎರಡು ರೈಲು,
ವಿಶಾಖಪಟ್ಟಣದ ಪ್ಲಾಟ್‌ಫಾರ್ಮಿನ ಮೇಲೆ ಒಂದು ರಾತ್ರಿ,
ಆಮೇಲೆ ಒಂದು ಟೆಂಪೊ.
ನಾನು ಪೆನ್ನಿನ ಕ್ಯಾಪು ಹಾಕಿದೆ.

ಇಟ್ಟಿಗೆ ಮುಗಿದ ಸಂಜೆಯೇ ಮೇಸ್ತ್ರಿ
ಅವರನ್ನೆಲ್ಲ ಬೇರೆ ಸೈಟಿಗೆ ಹತ್ತಿಸಿಕೊಂಡು ಹೋದ.
ಆಟ ಅರ್ಧ. ಸುಗ್ರೀಬನ ಮೂರು ಕಾಯಿ ಹಣ್ಣಾಗಿದ್ದವು,
ನಾಲ್ಕನೆಯದು ಇನ್ನೂ ಒಳಸುತ್ತಿನಲ್ಲಿ, ಹಣ್ಣಿಗೆ ಎರಡು ಮನೆ ಬಾಕಿ.

"ಹದಿನೇಳರಲ್ಲಿ ಗೀರುಗಳಿವೆ," ಅಂದರು ಅಮೂಲ್ಯ,
"ಮಗುಚಿ ಹಾಸಿಸಿ."
ಮಗುಚುವ ಮೊದಲು ಮೊಗಣ್ಣ
ಗೌಸ್ ಸಾಬರ ಸುಣ್ಣ ಕಿರುಬೆರಳಲ್ಲಿ ತೆಗೆದು
ಆ ಗಾಜಿನ ಚೂರನ್ನು ಇದ್ದ ಮನೆಯಲ್ಲೇ ಅಂಟಿಸಿದರು.
ಆರಲಿ ಎಂದು ಒಂದು ಬೀಡಿಯ ಹೊತ್ತು ಕಾದೆವು.

ಈಗ ಅದರ ಮೇಲೆ ಚಪ್ಪಲಿ ಸ್ಟ್ಯಾಂಡು.
ಗೃಹಪ್ರವೇಶಕ್ಕೆ ಬಂದವರು ಬರಿಗಾಲಲ್ಲಿ ನಿಂತು
"ಎಷ್ಟು ತಂಪು!" ಅನ್ನುತ್ತಾರೆ.
ನಂಜೇಶ್ ಸರ್ ಸುತ್ತಿನ ಕಥೆ ಹೇಳುತ್ತಾರೆ.
ನಾನು ಹೋಳಿಗೆ ಹಿಡಿದು ಮೊಗಣ್ಣನ ಪಕ್ಕ ಸರಿದು ಕೇಳಿದೆ:
ಅವತ್ತು ಆಟ ಯಾರದಿತ್ತು?
ತುಪ್ಪದ ಬೆರಳು ನೆಕ್ಕುತ್ತ ಬಹಳ ಹೊತ್ತು ಯೋಚಿಸಿದರು.
ನೆನಪಾಗಲಿಲ್ಲ.